ಆಂಟಿಬಯಾಟಿಕ್‌ಗೆ ‘ಪವರ್’ ಇರುವುದು ಎಲ್ಲಿ?

(ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪವಿದು. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವು ಈಗ ಕುಳಿತಿರುವ ಈ ಬಸವನಗುಡಿಯ ಚರಿತ್ರೆಯೊಳಗೆ ಒಂದು ಬ್ಯಾಕ್ಟೀರಿಯಾ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ, ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ‘ಇಲಿ ಬಿತ್ತು’ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ಇರುವುದೇ ಜನರಿಗೆ ಗೊತ್ತಿದ್ದ ದೊಡ್ಡ ಉಪಾಯವಾಗಿತ್ತು. ಗಾಳಿ ಬೆಳಕಿಗೆ ಅವಕಾಶವಿಟ್ಟು ಅಗಲವಾದ ರಸ್ತೆಗಳೊಂದಿಗೆ ರೂಪಿಸಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಬಂದು ನೆಲೆಸತೊಡಗಿದ್ದು ಆ ಭಯದ ನೆರಳಿನಲ್ಲಿ. ಪ್ಲೇಗ್ ಮಾರಮ್ಮನ ಹೆಸರಿನಲ್ಲಿ ಎದ್ದ ಗುಡಿಗಳು ಈ ನಗರದಲ್ಲಿ ಇಂದಿಗೂ ಇವೆ. ಗಮನಿಸಬೇಕಾದ ಸಂಗತಿಯೆಂದರೆ, ಪ್ಲೇಗಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಅದಕ್ಕೆ ನಾಲ್ಕು ವರ್ಷ ಮೊದಲೇ, 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಗುರುತಿಸಿಯಾಗಿತ್ತು. ಕೊಲ್ಲುತ್ತಿರುವುದು ಯಾವುದೆಂದು ಗೊತ್ತಿತ್ತು, ಆದರೆ ರೋಗಿಯ ಮೈಯೊಳಗೆ ಅದನ್ನು ತಡೆಯುವ ಔಷಧಿ ಇರಲಿಲ್ಲ. ಪ್ಲೇಗನ್ನು ಗುಣಪಡಿಸಬಲ್ಲ ಸ್ಟ್ರೆಪ್ಟೊಮೈಸಿನ್ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ದೊರೆತದ್ದು 1943ರಲ್ಲಿ, ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಆಲ್ಬರ್ಟ್ ಶಾಟ್ಜ್ ಅವರ ಕೈಯಲ್ಲಿ. ಅಂದು ಊರಿಗೆ ಊರೇ ಬಿಟ್ಟೋಡುವಂತೆ ಮಾಡಿದ ರೋಗ ಇಂದು ಬೇಗ ಪತ್ತೆಯಾದರೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಅಥವಾ ಡಾಕ್ಸಿಸೈಕ್ಲಿನ್‌ನಿಂದ ವಾಸಿಯಾಗುತ್ತದೆ.

ನಾನು ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ರೋಗಿಗಳ ಮುಖಕ್ಕಿಂತ ಅವರ ರಕ್ತ, ಮೂತ್ರ, ಕಫ, ಕೀವುಗಳನ್ನೇ ಹೆಚ್ಚು ನೋಡಿದ್ದೇನೆ. ಆದರೂ ನೆಂಟರು, ನೆರೆಹೊರೆಯವರು, ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಇದಕ್ಕಿಂತ ಪವರ್ ಇರೋ ಮಾತ್ರೆ ಯಾವುದು?’ ಔಷಧಿ ಅಂಗಡಿಯ ಕಟ್ಟೆಯ ಮುಂದೆ ನಿಂತರೆ ಈ ಪದ ದಿನಕ್ಕೆ ಹತ್ತು ಸಲ ಕೇಳುತ್ತದೆ. ‘ಸ್ವಲ್ಪ ಪವರ್ ಜಾಸ್ತಿ ಇರೋದು ಕೊಡಿ, ನಾಳೆ ಆಫೀಸಿಗೆ ಹೋಗಬೇಕು.’ ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಪದದ ಸುತ್ತಲೇ ಇದೆ. ಆಂಟಿಬಯಾಟಿಕ್‌ನ ಬಲ ಮಾತ್ರೆಯೊಳಗೆ ತುಂಬಿಟ್ಟ ಶಕ್ತಿಯಲ್ಲ. ಇಂಥ ಬ್ಯಾಕ್ಟೀರಿಯಾದಲ್ಲಿ ಇಂಥ ಗುರಿ ಇದೆ, ಮೈಯ ಇಂಥ ಜಾಗದಲ್ಲಿ ಔಷಧಿ ಅದನ್ನು ಮುಟ್ಟುತ್ತದೆ ಎಂಬ ಹೊಂದಿಕೆಯಲ್ಲಿ ಆ ಬಲವಿದೆ. ಹೊಂದಿಕೆ ಇಲ್ಲದ ಕಡೆ ಅತ್ಯಂತ ದುಬಾರಿಯಾದ ಇಂಜೆಕ್ಷನ್ನೂ ಬರೀ ನೀರು.

ಗುರಿ ಎಂದರೇನು ಎಂಬುದನ್ನು ಪೆನಿಸಿಲಿನ್‌ನಿಂದ ಆರಂಭಿಸಿ ನೋಡೋಣ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದ ಕಡೆ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋದದ್ದನ್ನು ಕಂಡರೆಂಬ ಕಥೆ ನಿಮಗೆ ಶಾಲೆಯಿಂದಲೇ ಗೊತ್ತು. ಅದನ್ನು ಔಷಧಿಯಾಗಿ ಕೈಗೆ ತಂದುಕೊಟ್ಟ ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಅವರ ಕಥೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. 1941ರ ಫೆಬ್ರವರಿಯಲ್ಲಿ ಅವರು ಚಿಕಿತ್ಸೆ ಕೊಟ್ಟ ಮೊದಲ ರೋಗಿ ಒಬ್ಬ ಪೊಲೀಸ್ ಪೇದೆ. ಔಷಧಿ ಎಷ್ಟು ವಿರಳವಾಗಿತ್ತೆಂದರೆ, ಆತನ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ನನ್ನೇ ಶುದ್ಧಿ ಮಾಡಿ ಮತ್ತೆ ಆತನಿಗೇ ಕೊಡುತ್ತಿದ್ದರು. ಆತ ಚೇತರಿಸಿಕೊಳ್ಳುತ್ತಿದ್ದ. ಔಷಧಿ ಮುಗಿಯಿತು, ಸೋಂಕು ಮರಳಿತು, ಆತ ತೀರಿಕೊಂಡ. ನನಗೆ ಈ ಪ್ರಸಂಗ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಸರಿಯಾದ ಔಷಧಿಯೂ ಸಾಕಷ್ಟು ದಿನ ಸಿಗದಿದ್ದರೆ ಏನಾಗುತ್ತದೆಂಬುದು ಮೊದಲ ರೋಗಿಯಲ್ಲೇ ಕಣ್ಣಿಗೆ ಕಂಡಿತ್ತು.

ಆ ಪೆನಿಸಿಲಿನ್ ಮಾಡುವುದೇನು? ಬ್ಯಾಕ್ಟೀರಿಯಾದ ಒಳಗೆ ಒತ್ತಡ ಬಹಳ ಹೆಚ್ಚು. ಹೊರಗೆ ಗಟ್ಟಿಯಾದ ಕೋಶಭಿತ್ತಿ ಇಲ್ಲದಿದ್ದರೆ ನೀರು ಒಳನುಗ್ಗಿ ಅದು ಒಡೆದುಹೋಗುತ್ತದೆ. ಈ ಭಿತ್ತಿಯನ್ನು ಹುರಿಹಗ್ಗದ ಬಲೆಯೆಂದು ಭಾವಿಸಿ: ಉದ್ದುದ್ದ ಎಳೆಗಳು, ಎಳೆಗೂ ಎಳೆಗೂ ನಡುವೆ ಗಂಟುಗಳು. ಬ್ಯಾಕ್ಟೀರಿಯಾ ಬೆಳೆಯುವಾಗಲೆಲ್ಲ ಹಳೆಯ ಗಂಟು ಬಿಚ್ಚಿ ಹೊಸ ಎಳೆ ಸೇರಿಸಿ ಮತ್ತೆ ಗಂಟು ಹಾಕಬೇಕು. ಗಂಟು ಹಾಕುವ ಕೆಲಸಕ್ಕೆ ಅದರಲ್ಲಿ ಕೆಲವು ಕಿಣ್ವಗಳಿವೆ. ಪೆನಿಸಿಲಿನ್‌ನ ಆಕಾರ ಎಳೆಯ ತುದಿಯನ್ನೇ ಹೋಲುವುದರಿಂದ ಕಿಣ್ವ ಮೋಸಹೋಗಿ ಅದನ್ನೇ ಹಿಡಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡಲಾಗದೆ ಅಲ್ಲೇ ನಿಲ್ಲುತ್ತದೆ. ಬಿಚ್ಚುವ ಕೆಲಸ ಮುಂದುವರಿಯುತ್ತದೆ, ಕಟ್ಟುವುದು ನಿಲ್ಲುತ್ತದೆ, ಕೊನೆಗೆ ಬಲೆ ಹರಿಯುತ್ತದೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಆಸ್ಪತ್ರೆಯ ಐಸಿಯುಗಳಲ್ಲಿ ಕೊಡುವ ಮೆರೊಪೆನೆಮ್ ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ನಮ್ಮ ಮೈಯ ಜೀವಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲ. ಆದ್ದರಿಂದಲೇ ಅಲರ್ಜಿ ಇಲ್ಲದವರಿಗೆ ಇವು ಅಷ್ಟು ಸುರಕ್ಷಿತ.

ಎಲ್ಲ ಆಂಟಿಬಯಾಟಿಕ್‌ಗಳೂ ಹೀಗೆ, ಬ್ಯಾಕ್ಟೀರಿಯಾದಲ್ಲಿದ್ದು ನಮ್ಮಲ್ಲಿಲ್ಲದ, ಅಥವಾ ಇಬ್ಬರಲ್ಲೂ ಇದ್ದು ರಚನೆಯಲ್ಲಿ ಬೇರೆಯಾಗಿರುವ ಒಂದಲ್ಲ ಒಂದು ಅಂಗವನ್ನು ಹುಡುಕಿಕೊಂಡಿರುತ್ತವೆ. ಪ್ರೋಟೀನು ತಯಾರಿಸುವ ರೈಬೋಸೋಮ್ ಇಬ್ಬರಲ್ಲೂ ಇದೆ, ಆದರೆ ಅದರ ಕಟ್ಟಡ ಬೇರೆ ಬೇರೆ. ಸ್ಟ್ರೆಪ್ಟೊಮೈಸಿನ್ ಅದರ ಚಿಕ್ಕ ಹೋಳನ್ನು ಹಿಡಿದು ಸಂದೇಶವನ್ನು ತಪ್ಪಾಗಿ ಓದಿಸುತ್ತದೆ. ಅಜಿಥ್ರೊಮೈಸಿನ್ ದೊಡ್ಡ ಹೋಳಿನಲ್ಲಿ, ಹೊಸ ಪ್ರೋಟೀನು ಹೊರಬರುವ ಸುರಂಗಕ್ಕೇ ಅಡ್ಡ ಕೂರುತ್ತದೆ. ಔಷಧಿಯ ಅಣು ರೈಬೋಸೋಮಿನ ಯಾವ ಸಂದಿನಲ್ಲಿ ಕೂರುತ್ತದೆಂದು ಚಿತ್ರ ತೆಗೆದು ತೋರಿಸಿದವರಲ್ಲಿ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು. ರೈಬೋಸೋಮಿನ ರಚನೆಯ ಕೆಲಸಕ್ಕಾಗಿ ಅವರಿಗೂ ಥಾಮಸ್ ಸ್ಟೈಟ್ಜ್, ಅಡಾ ಯೋನಾಥ್ ಅವರಿಗೂ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸಿಪ್ರೊಫ್ಲಾಕ್ಸಸಿನ್ ಬ್ಯಾಕ್ಟೀರಿಯಾದ ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವನ್ನು ಕೆಡಿಸುತ್ತದೆ. ಸಲ್ಫಾ ಔಷಧಿಗಳು ಫೋಲೇಟ್ ಎಂಬ ಜೀವಸತ್ವದ ತಯಾರಿಕೆಯನ್ನು ತಡೆಯುತ್ತವೆ. ನಾವು ಫೋಲೇಟನ್ನು ಸೊಪ್ಪು, ಕಾಳುಗಳಿಂದ ಪಡೆಯುತ್ತೇವೆ, ಆದರೆ ಆ ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳಬೇಕು.

ಇಷ್ಟು ತಿಳಿದ ಮೇಲೆ ನೆಗಡಿಗೆ, ಫ್ಲೂಗೆ, ಡೆಂಗಿಗೆ ಆಂಟಿಬಯಾಟಿಕ್ ಏಕೆ ಕೆಲಸ ಮಾಡುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ವೈರಸ್‌ಗೆ ಭಿತ್ತಿಯಿಲ್ಲ, ಸ್ವಂತ ರೈಬೋಸೋಮಿಲ್ಲ. ಅದು ನಮ್ಮ ಜೀವಕೋಶದ ಒಳಗೆ ನಮ್ಮದೇ ಸಲಕರಣೆಗಳಿಂದ ಬದುಕುತ್ತದೆ. ಔಷಧಿ ಹಿಡಿಯಬೇಕಾದ ಗುರಿಯೇ ಅಲ್ಲಿಲ್ಲ. ಆದರೂ ‘ಹೋದ ಸಲ ಆ ಮಾತ್ರೆ ತಗೊಂಡೆ, ಮೂರನೇ ದಿನಕ್ಕೆ ಜ್ವರ ಬಿಟ್ಟಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯ ವೈರಲ್ ಜ್ವರ ತಾನಾಗಿಯೇ ನಾಲ್ಕೈದು ದಿನಕ್ಕೆ ಇಳಿಯುತ್ತದೆ, ನಾವು ಮಾತ್ರೆ ಶುರುಮಾಡುವುದು ಎರಡನೆಯ ದಿನ. ಇಳಿಯಲಿದ್ದ ಜ್ವರದ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಹೆಚ್ಚಿದಾಗ ಈ ತಪ್ಪು ಲೆಕ್ಕ ಅಪಾಯಕಾರಿಯಾಗುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಎಚ್ಚರದಿಂದಿರಬೇಕಾದ ಹೊತ್ತು. ಆಗ ಬೇಕಾಗಿರುವುದು ರಕ್ತಪರೀಕ್ಷೆ ಮತ್ತು ಸಾಕಷ್ಟು ದ್ರವ. ಮಾತ್ರೆ ನುಂಗಿದ್ದೇವೆಂಬ ನೆಮ್ಮದಿ ಆ ಎರಡನ್ನೂ ಮರೆಸುತ್ತದೆ.

ಗುರಿ ಇದ್ದರೆ ಸಾಲದು, ಔಷಧಿ ಗುರಿಯವರೆಗೆ ಹೋಗಬೇಕು. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಪವರ್‌ನ ಮಾತು ಮುರಿದುಬೀಳುವುದು ಇಲ್ಲೇ. ಗಡ್ಡೆಯಾಗಿ ಕೀವು ಕಟ್ಟಿದ ಜಾಗಕ್ಕೆ ರಕ್ತನಾಳಗಳಿಲ್ಲ. ರಕ್ತದೊಡನೆ ಬರುವ ಔಷಧಿ ಅದರ ಗೋಡೆಯವರೆಗೆ ಬಂದು ನಿಲ್ಲುತ್ತದೆ. ಮೇಲಾಗಿ ಜೆಂಟಾಮೈಸಿನ್‌ನಂಥ ಔಷಧಿ ಬ್ಯಾಕ್ಟೀರಿಯಾದ ಒಳಗೆ ಹೋಗಲು ಆಮ್ಲಜನಕ ಬೇಕು, ಕೀವಿನೊಳಗೆ ಅದು ಇರುವುದೇ ಇಲ್ಲ. ಆದ್ದರಿಂದ ‘ಇಷ್ಟು ದಿನ ಇಂಜೆಕ್ಷನ್ ಕೊಟ್ಟರೂ ಗುಣವಾಗಲಿಲ್ಲ’ ಎಂದು ಔಷಧಿ ಬದಲಿಸುತ್ತ ಹೋಗುವುದಕ್ಕಿಂತ, ಕೊಯ್ದು ಕೀವು ಹೊರತೆಗೆಯುವುದು ನೂರುಪಾಲು ಮೇಲು. ಇನ್ನು ನಮ್ಮ ಊಟದ ಅಭ್ಯಾಸಕ್ಕೆ ನೇರವಾಗಿ ಸಂಬಂಧಿಸಿದ್ದು: ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳು ಕ್ಯಾಲ್ಸಿಯಂ ಜೊತೆ ಹೊಟ್ಟೆಯಲ್ಲೇ ಅಂಟಿಕೊಂಡು ರಕ್ತ ಸೇರದೆ ಉಳಿಯುತ್ತವೆ. ಮೊಸರನ್ನ ಉಂಡ ಕೈಯಲ್ಲೇ, ಹಾಲಿನ ಲೋಟದ ಜೊತೆಗೇ, ಅಥವಾ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೊಡನೆ ಸೇರಿಸಿ ನುಂಗಿದರೆ ಡೋಸ್ ಕಾಗದದ ಮೇಲೆ ಪೂರ್ತಿ, ಮೈಯೊಳಗೆ ಅರೆಬರೆ. ಅವುಗಳ ನಡುವೆ ಎರಡು ಗಂಟೆಯ ಅಂತರವಾದರೂ ಇರಲಿ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟ ನೀರಿನೊಡನೆ, ಕುಳಿತು ಅಥವಾ ನಿಂತು ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ.

ಇದೇ ‘ತಲುಪುವ’ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ತಪ್ಪು ನಡೆಯಿತು. ನಮ್ಮ ಅಮ್ಮನಿಗೆ ಒಮ್ಮೆ ಉರಿಮೂತ್ರ ಶುರುವಾಯಿತು. ಮಗಳು ಇದೇ ಕೆಲಸದಲ್ಲಿದ್ದರೂ ಅಮ್ಮ ನನಗೆ ಹೇಳಲಿಲ್ಲ. ಮೂರು ದಿನದ ಮೇಲೆ ಮುಖ ಬಾಡಿದ್ದನ್ನು ನೋಡಿ ನಾನೇ ಕೇಳಿದೆ.

‘ಗಂಟಲು ನೋವಿಗೆ ಅಂತ ತಂದಿದ್ದ ಮಾತ್ರೆ ಎರಡು ಉಳಿದಿತ್ತು ಕಣೇ. ಒಳ್ಳೆ ಪವರ್ ಮಾತ್ರೆ ಅದು, ಒಂದೇ ದಿನಕ್ಕೆ ಗಂಟಲು ಬಿಟ್ಟಿತ್ತಲ್ಲ. ಅದನ್ನೇ ತಗೊಂಡೆ’ ಎಂದರು.

ಡಬ್ಬಿಯಿಂದ ಖಾಲಿ ಸ್ಟ್ರಿಪ್ ತೆಗೆದು ನೋಡಿದರೆ ಅಜಿಥ್ರೊಮೈಸಿನ್. ಅದು ಜೀವಕೋಶಗಳ ಒಳಗೆ ಚೆನ್ನಾಗಿ ಸೇರಿಕೊಂಡು ಬಹುಪಾಲು ಪಿತ್ತದ ಮೂಲಕ ಕರುಳಿಗೆ ಹೋಗಿ ಹೊರಬೀಳುವ ಔಷಧಿ. ಮೂತ್ರಕ್ಕೆ ಬರುವುದು ತೀರಾ ಅಲ್ಪ. ಸೋಂಕು ಇದ್ದ ಕಡೆ ಅದು ಹೋಗಲಿಲ್ಲ. ಹೋದ ಕಡೆ, ಅಂದರೆ ಕರುಳಿನಲ್ಲಿ, ಇದ್ದವು ನಮ್ಮ ಜೀರ್ಣಕ್ಕೆ ನೆರವಾಗುವ ನಿರಪರಾಧಿ ಬ್ಯಾಕ್ಟೀರಿಯಾಗಳು. ಅಮ್ಮನಿಗೆ ಉರಿಯ ಜೊತೆಗೆ ಭೇದಿಯೂ ಹಿಡಿದಿತ್ತು. ಅದಕ್ಕೂ ಮೊದಲಿನ ಗಂಟಲು ನೋವು ವೈರಸ್‌ನದೇ ಇದ್ದಿರಬಹುದು, ಒಂದು ಮಾತ್ರೆಗೆ ‘ಬಿಟ್ಟದ್ದು’ ನಾನು ಆಗಲೇ ಹೇಳಿದ ತಪ್ಪು ಲೆಕ್ಕ. ನಾನು ಬೈಯಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ವರದಿ ಬರೆದುಕೊಟ್ಟ ನಾನು ಮನೆಯಲ್ಲಿ ಒಂದು ದಿನವೂ ಇದನ್ನು ಕುಳಿತು ವಿವರಿಸಿರಲಿಲ್ಲವಲ್ಲ ಎಂಬ ನೋವು ಮಾತ್ರ ಈಗಲೂ ಇದೆ. ಮಾರನೆಯ ಬೆಳಗ್ಗೆ ಅಮ್ಮನ ಮೂತ್ರದ ಮಾದರಿಯನ್ನು ಕಲ್ಚರ್‌ಗೆ ಕೊಟ್ಟೆವು.

ಕಲ್ಚರ್ ಎಂದರೆ ಏನು ನಡೆಯುತ್ತದೆಂದು ನೀವು ಒಮ್ಮೆ ನೋಡಬೇಕು. ಮೊದಲು ಮಾದರಿಯ ಮಾತು. ಮೂತ್ರದ ಮೊದಲ ಧಾರೆ ಬಿಟ್ಟು ನಡುವಿನದನ್ನು, ಶುದ್ಧವಾದ ಡಬ್ಬಿಯಲ್ಲಿ ಹಿಡಿಯಬೇಕು. ಎರಡು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಇಲ್ಲವಾದರೆ ತಣ್ಣಗಿನ ಪೆಟ್ಟಿಗೆಯಲ್ಲಿ ಬರಬೇಕು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಿಸಿಲಿಗೆ ಎರಡು ಗಂಟೆ ಸಿಕ್ಕಿಕೊಂಡ ಡಬ್ಬಿಯಲ್ಲಿ ಆ ಲೆಕ್ಕದಲ್ಲಿ ಒಂದು 64 ಆಗಿರಬಹುದು. ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸೋಂಕೆಂದು ನಾವು ಪರಿಗಣಿಸುವುದರಿಂದ, ದಾರಿಯಲ್ಲಿ ಹುಟ್ಟಿದ ಸಂತತಿ ಇಲ್ಲದ ರೋಗವನ್ನು ಸೃಷ್ಟಿಸುತ್ತದೆ. ಇಲ್ಲೇ ಇನ್ನೊಂದು ಮಾತು: ಉರಿ, ಜ್ವರ, ನೋವು ಯಾವುದೂ ಇಲ್ಲದ ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಅದಕ್ಕೆ ಬಹುತೇಕ ಚಿಕಿತ್ಸೆ ಬೇಡ. ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೆ ಮಾತ್ರ ಲೆಕ್ಕ ಬೇರೆ.

ಬಂದ ಮಾದರಿಯಿಂದ ಒಂದು ಸಣ್ಣ ತಂತಿಯ ಉಂಗುರದಲ್ಲಿ ಹನಿಯಷ್ಟು ಎತ್ತಿ ತಟ್ಟೆಯ ಮೇಲೆ ಗೆರೆ ಎಳೆದು ರಾತ್ರಿಯಿಡೀ ನಮ್ಮ ಮೈಯಷ್ಟೇ ಬೆಚ್ಚಗೆ ಇಡುತ್ತೇವೆ. ಬೆಳಗ್ಗೆ ಮುಚ್ಚಳ ತೆರೆದಾಗ ಮ್ಯಾಕ್‌ಕಾಂಕಿ ಎಂಬ ಮಾಧ್ಯಮದ (ತಟ್ಟೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಪದರದ) ಮೇಲೆ ಇ. ಕೋಲೈ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಎದ್ದಿರುತ್ತದೆ. ಒಂದೊಂದು ಚುಕ್ಕೆಯೂ ಒಂದೇ ಬ್ಯಾಕ್ಟೀರಿಯಾದಿಂದ ಹುಟ್ಟಿದ ಕೋಟಿಗಟ್ಟಲೆಯ ಗುಂಪು. ಅದೇ ಚುಕ್ಕೆಗಳನ್ನು ಉಪ್ಪುನೀರಿನಲ್ಲಿ ಕದಡಿ, ಕೊಳವೆಯನ್ನು ಕಪ್ಪು ಗೆರೆಗಳಿರುವ ಬಿಳಿ ಕಾರ್ಡಿನ ಮುಂದೆ ಹಿಡಿದು, ಗೆರೆಗಳು ಎಷ್ಟು ಮಬ್ಬಾಗಿ ಕಾಣುತ್ತವೆಂದು ಪ್ರಮಾಣದ ಕೊಳವೆಯೊಡನೆ ಹೋಲಿಸುತ್ತೇವೆ. ಕದಡು ಹೆಚ್ಚಾದರೂ ಕಡಿಮೆಯಾದರೂ ಮುಂದಿನ ಉತ್ತರವೆಲ್ಲ ತಪ್ಪು. ಅನಂತರ ಹತ್ತಿಯ ಕಡ್ಡಿಯಲ್ಲಿ ಅದನ್ನು ಹೊಸ ತಟ್ಟೆಯ ಮೇಲೆ, ತಟ್ಟೆಯನ್ನು ತಿರುಗಿಸುತ್ತ ಮೂರು ಸಲ, ರಂಗೋಲಿಗೆ ನೆಲ ಸಾರಿಸಿದ ಹಾಗೆ ಎಲ್ಲೂ ಬಿಡದೆ ಬಳಿದು, ಔಷಧಿ ಹೀರಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ದೂರ ದೂರ ಇಡುತ್ತೇವೆ. ಮತ್ತೊಂದು ರಾತ್ರಿ ಕಳೆದ ಮೇಲೆ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಹರಡಿರುತ್ತದೆ. ಔಷಧಿ ಕೆಲಸ ಮಾಡಿದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಸ್ವಚ್ಛವಾದ ವೃತ್ತ. ಸ್ಕೇಲ್ ಹಿಡಿದು ಆ ವೃತ್ತವನ್ನು ಅಳೆಯುವುದೇ ಸೆನ್ಸಿಟಿವಿಟಿ ಪರೀಕ್ಷೆ.

ದೊಡ್ಡ ವೃತ್ತದ ಔಷಧಿಗೆ ಪವರ್ ಜಾಸ್ತಿ ಎಂದು ನೋಡಿದವರಿಗೆಲ್ಲ ಅನಿಸುತ್ತದೆ. ಓದಲು ಬಂದ ವಿದ್ಯಾರ್ಥಿಗಳಿಗೂ ಮೊದಲ ದಿನ ಹಾಗೆಯೇ ಅನಿಸುತ್ತದೆ. ಆದರೆ ಒಂದು ಔಷಧಿಯ ವೃತ್ತವನ್ನು ಇನ್ನೊಂದರ ವೃತ್ತದೊಡನೆ ಹೋಲಿಸುವಂತಿಲ್ಲ. ದಪ್ಪ ಅಣುವಿನ ಔಷಧಿ ಮಾಧ್ಯಮದಲ್ಲಿ ನಿಧಾನವಾಗಿ ಹರಡುತ್ತದೆ, ಚಿಕ್ಕ ಅಣುವಿನದು ಬೇಗ ಹರಡುತ್ತದೆ. ಒಂದು ರಕ್ತದಲ್ಲಿ ಹೆಚ್ಚು ಉಳಿಯುತ್ತದೆ, ಇನ್ನೊಂದು ಮೂತ್ರದಲ್ಲಿ. ಆದ್ದರಿಂದ ಪ್ರತಿಯೊಂದಕ್ಕೂ ಅದರದೇ ಗಡಿಯಿದೆ. ಇ. ಕೋಲೈ ವಿಷಯದಲ್ಲಿ, ಹೆಚ್ಚಿನ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡದ ಪ್ರಕಾರ, ಮೆರೊಪೆನೆಮ್‌ಗೆ 23 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಎಸ್’, ಅಂದರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆ. ನೈಟ್ರೋಫ್ಯುರಾಂಟಾಯಿನ್‌ಗೆ 17 ಇದ್ದರೆ ಸಾಕು. ವರದಿಯಲ್ಲಿ ಎರಡರ ಮುಂದೆಯೂ ‘ಎಸ್’ ಇದ್ದರೆ, ಆ ಬ್ಯಾಕ್ಟೀರಿಯಾಕ್ಕೆ ಎರಡೂ ಸರಿ ಎಂದಷ್ಟೇ ಅರ್ಥ. ಯಾವುದನ್ನು ಆರಿಸಬೇಕೆಂಬುದು ಸೋಂಕು ಎಲ್ಲಿದೆ, ರೋಗಿಯ ಮೂತ್ರಪಿಂಡ ಹೇಗಿದೆ, ಅಲರ್ಜಿ ಉಂಟೇ ಎಂಬ ವೈದ್ಯರ ವಿವೇಚನೆ. ವರದಿ ಹಿಡಿದು ನೇರವಾಗಿ ಅಂಗಡಿಗೆ ಹೋಗಬೇಡಿರೆಂದು ನಾನು ಕೈಮುಗಿದು ಕೇಳುವುದು ಇದಕ್ಕಾಗಿ.

ಹಾಗಾದರೆ ವರದಿ ಬರುವ ಎರಡು ಮೂರು ದಿನ ಸುಮ್ಮನಿರಬೇಕೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನಂಜು ರಕ್ತಕ್ಕೇರಿದ ರೋಗಿಯಲ್ಲಿ ಒಂದು ಗಂಟೆಯೂ ಕಾಯುವಂತಿಲ್ಲ. ಆಗ ವೈದ್ಯರು ಆ ಜಾಗದಲ್ಲಿ ಸಾಮಾನ್ಯವಾಗಿ ಇರಬಹುದಾದ ಬ್ಯಾಕ್ಟೀರಿಯಾಗಳನ್ನೆಲ್ಲ ಲೆಕ್ಕಕ್ಕಿಟ್ಟು ಅಗಲವಾದ ಹಿಡಿತದ ಔಷಧಿಯನ್ನು ಆರಂಭಿಸುತ್ತಾರೆ. ಆದರೆ ಮೊದಲ ಡೋಸ್ ಕೊಡುವ ಮುನ್ನ ರಕ್ತವನ್ನು ಕಲ್ಚರ್ ಬಾಟಲಿಗೆ ಹಿಡಿದಿಡಬೇಕು, ಏಕೆಂದರೆ ಔಷಧಿ ಒಳಹೋದ ಮೇಲೆ ತೆಗೆದ ರಕ್ತದಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾದ ದಿನ ಅಗಲದ ಔಷಧಿ ನಿಲ್ಲಿಸಿ ಅದಕ್ಕೆ ಮಾತ್ರ ಹೊಂದುವುದಕ್ಕೆ ಇಳಿಯಬೇಕು. ಈ ಇಳಿಯುವ ಹೆಜ್ಜೆ ನಮ್ಮಲ್ಲಿ ಅತಿ ಹೆಚ್ಚು ತಪ್ಪಿಹೋಗುತ್ತದೆ. ‘ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ, ಏಕೆ ಬದಲಿಸಬೇಕು’ ಎಂಬ ಅಳುಕು ಮನೆಯವರಲ್ಲೂ ಇರುತ್ತದೆ, ವೈದ್ಯರಲ್ಲೂ ಇರುತ್ತದೆ. ಚಿಕ್ಕ ಔಷಧಿಗೆ ಇಳಿಸಿದರೆಂದು ದಯವಿಟ್ಟು ಗಾಬರಿಯಾಗಬೇಡಿ, ಅದು ರೋಗಿಯನ್ನು ಸರಿಯಾಗಿ ಅರಿತಿದ್ದಾರೆಂಬುದರ ಗುರುತು.

ಒಂದೇ ಔಷಧಿ ಸಾಲದ ರೋಗವೂ ಇದೆ, ಅದು ಕ್ಷಯ. ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಂದು ಹುಟ್ಟಿನಿಂದಲೇ ಐಸೋನಿಯಾಜಿಡ್‌ಗೆ ಬಗ್ಗದು, ಸುಮಾರು ಹತ್ತು ಕೋಟಿಗೆ ಒಂದು ರಿಫಾಂಪಿಸಿನ್‌ಗೆ ಬಗ್ಗದು. ಶ್ವಾಸಕೋಶದ ಒಂದು ಪೊಟರೆಯಲ್ಲಿ ಅವು ಕೋಟಿಗಳ ಲೆಕ್ಕದಲ್ಲಿರುವುದರಿಂದ, ಒಂದೇ ಔಷಧಿ ಕೊಟ್ಟರೆ ಬಗ್ಗದ ಆ ಕೆಲವು ಉಳಿದು ಪೊಟರೆಯನ್ನೆಲ್ಲ ತುಂಬಿಕೊಳ್ಳುತ್ತವೆ. ಎರಡಕ್ಕೂ ಒಟ್ಟಿಗೆ ಬಗ್ಗದ ಬ್ಯಾಕ್ಟೀರಿಯಾ ಸಿಗುವುದು ನೂರು ಲಕ್ಷ ಕೋಟಿಗೆ ಒಂದು, ಅಂದರೆ ಒಬ್ಬರ ಮೈಯಲ್ಲಿ ಅದು ಇರುವ ಸಂಭವವೇ ಇಲ್ಲವೆನ್ನಬಹುದು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ ಎಂಬ ನಮ್ಮ ಚಿಕಿತ್ಸಾ ಕ್ರಮದ ಹಿಂದೆ ಈ ಗುಣಾಕಾರವಿದೆ. ಆರು ತಿಂಗಳೇಕೆಂದರೆ, ಇ. ಕೋಲೈಗೆ 20 ನಿಮಿಷ ಸಾಕಾದ ಕೆಲಸಕ್ಕೆ ಕ್ಷಯದ ಬ್ಯಾಕ್ಟೀರಿಯಾಕ್ಕೆ 15ರಿಂದ 20 ಗಂಟೆ ಬೇಕು, ಅದರಲ್ಲೂ ಕೆಲವು ಬೆಳೆಯದೆ ತೂಕಡಿಸುತ್ತ ಇರುತ್ತವೆ. ಬೆಳೆಯದ ಬ್ಯಾಕ್ಟೀರಿಯಾವನ್ನು ಹಿಡಿಯುವುದು ಕಷ್ಟ. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡಾಗ ಮಾತ್ರೆ ಬಿಡುವವರಲ್ಲಿ ಎದ್ದುಬರುವುದು ಆ ತೂಕಡಿಸುವವೇ. ರಿಫಾಂಪಿಸಿನ್ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತವೆಂದು ಹೆದರಿ ಔಷಧಿ ಬಿಟ್ಟವರನ್ನು ನಾನು ಕಂಡಿದ್ದೇನೆ. ಮೊದಲ ದಿನವೇ ಅವರಿಗೆ ಯಾರಾದರೂ ಈ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಬಗ್ಗದಿರುವುದನ್ನು ನಾವು ಪ್ರತಿರೋಧ ಎನ್ನುತ್ತೇವೆ. ‘ನನ್ನ ಮೈಗೆ ಆ ಮಾತ್ರೆ ಅಭ್ಯಾಸವಾಗಿಬಿಟ್ಟಿದೆ’ ಎಂಬ ಮಾತು ತಪ್ಪು, ಬದಲಾಗುವುದು ಬ್ಯಾಕ್ಟೀರಿಯಾ. ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವವನ್ನು ಆಕ್ಸ್‌ಫರ್ಡಿನವರೇ 1940ರಲ್ಲಿ ವರದಿ ಮಾಡಿದ್ದರು, ಅಂದರೆ ತಮ್ಮ ಮೊದಲ ರೋಗಿಗೆ ಔಷಧಿ ಕೊಡುವ ಮುನ್ನವೇ. ಕೆಲವು ಬ್ಯಾಕ್ಟೀರಿಯಾಗಳು ಔಷಧಿಯನ್ನು ಕತ್ತರಿಸುತ್ತವೆ, ಕೆಲವು ಒಳಬಂದದ್ದನ್ನು ಪಂಪು ಹಾಕಿ ಹೊರಚೆಲ್ಲುತ್ತವೆ, ಕೆಲವು ಗುರಿಯ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ನನಗೆ ಹೆಚ್ಚು ಕಳವಳ ತರುವುದು ಇದಾವುದೂ ಅಲ್ಲ. ಈ ವಿದ್ಯೆಯನ್ನು ಅವು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ರೂಪದಲ್ಲಿ ಪಕ್ಕದ ಬ್ಯಾಕ್ಟೀರಿಯಾಕ್ಕೂ, ಬೇರೆ ಜಾತಿಯದಕ್ಕೂ ದಾಟಿಸಬಲ್ಲವು ಎಂಬುದು ಹೆಚ್ಚು ಕಳವಳದ ಸಂಗತಿ. ಅಮ್ಮ ನುಂಗಿದ ಎರಡು ಮಾತ್ರೆ ಕರುಳಿನಲ್ಲಿ ಬಗ್ಗುವವನ್ನು ಅಳಿಸಿ ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ. ಅವು ರೋಗ ತರದವೇ ಆಗಿದ್ದರೂ ನಾಳೆ ರೋಗ ತರುವುದಕ್ಕೆ ಆ ಉಂಗುರವನ್ನು ಕೊಡಬಲ್ಲವು.

ಟೈಫಾಯಿಡ್ ಇದರ ಒಂದು ಉದಾಹರಣೆ. 1948ರಿಂದೀಚೆಗೆ ಕ್ಲೋರಾಂಫೆನಿಕಾಲ್ ಅದಕ್ಕೆ ರಾಮಬಾಣವಾಗಿತ್ತು. 1972ರಲ್ಲಿ ನೆರೆಯ ಕೇರಳದ ಕೋಯಿಕ್ಕೋಡಿನಲ್ಲಿ ಅದಕ್ಕೆ ಬಗ್ಗದ ಟೈಫಾಯಿಡ್ ಹಬ್ಬಿತು. ಮುಂದೆ ಸಿಪ್ರೊಫ್ಲಾಕ್ಸಸಿನ್ ಬಂತು, ಕೆಲವೇ ವರ್ಷಗಳಲ್ಲಿ ಅದೂ ಸೋಲತೊಡಗಿತು. ಈಗ ಸೆಫ್ಟ್ರಿಯಾಕ್ಸೋನ್, ಅಜಿಥ್ರೊಮೈಸಿನ್‌ಗಳನ್ನು ನೆಚ್ಚಿಕೊಂಡಿದ್ದೇವೆ. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಇದೆ. ಆದರೆ ಈ ಕಥೆಗೆ ಇನ್ನೊಂದು ತಿರುವಿದೆ, ನನಗೆ ಧೈರ್ಯ ಕೊಡುವುದು ಅದೇ: ಕ್ಲೋರಾಂಫೆನಿಕಾಲ್ ಬಳಕೆ ದಶಕಗಳ ಕಾಲ ಕಡಿಮೆಯಾದ ಮೇಲೆ, ಭಾರತದಲ್ಲಿ ಈಗ ಸಿಗುವ ಟೈಫಾಯಿಡ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಮತ್ತೆ ಅದಕ್ಕೆ ಬಗ್ಗುತ್ತಿವೆ. ಒತ್ತಡ ತೆಗೆದರೆ ಕೆಲವು ಔಷಧಿಗಳಾದರೂ ಮರಳಿ ಬರುತ್ತವೆ. ಇದನ್ನು ಹೇಳುವಾಗಲೂ ಮರೆಯಬಾರದ ಲೆಕ್ಕವೆಂದರೆ, 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷದ 70 ಸಾವಿರ ಜನ ನೇರವಾಗಿ ಬಗ್ಗದ ಬ್ಯಾಕ್ಟೀರಿಯಾಗಳಿಂದ ಸತ್ತರೆಂದು ಅಂದಾಜಿಸಲಾಗಿದೆ.

ಕೋರ್ಸ್ ಎಷ್ಟು ದಿನ ಎಂಬುದು ಅತಿ ಹೆಚ್ಚು ಬಂದ ಪ್ರಶ್ನೆ. ಉದ್ದವಾದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆಯನ್ನು ವೈದ್ಯಲೋಕವೇ ಈಗ ತಿದ್ದಿಕೊಳ್ಳುತ್ತಿದೆ. ಸಾಧಾರಣ ನ್ಯುಮೋನಿಯಾ ಚೇತರಿಸಿಕೊಳ್ಳುತ್ತಿದ್ದರೆ ಐದು ದಿನ ಸಾಕಾಗಬಹುದು, ಮೂಳೆಯ ಸೋಂಕಿಗೆ ಆರು ವಾರ ಬೇಕಾಗಬಹುದು, ಕ್ಷಯಕ್ಕೆ ಆರು ತಿಂಗಳು. ದಿನಗಳನ್ನು ನಿರ್ಧರಿಸುವುದು ರೋಗ. ಬೇಗ ಗುಣವಾಯಿತೆನಿಸಿದರೆ ವೈದ್ಯರಿಗೆ ಫೋನ್ ಮಾಡಿ ‘ನಿಲ್ಲಿಸಬಹುದೇ’ ಎಂದು ಕೇಳಿ. ನಿಮ್ಮಷ್ಟಕ್ಕೆ ನಿಲ್ಲಿಸಿ ಉಳಿದದ್ದನ್ನು ಡಬ್ಬಿಗೆ ಹಾಕಬೇಡಿ, ಏಕೆಂದರೆ ಆ ಡಬ್ಬಿ ಮುಂದೆ ಯಾರದೋ ಉರಿಮೂತ್ರಕ್ಕೆ ತೆರೆಯುತ್ತದೆ. ಸ್ಟ್ರಿಪ್ಪಿನ ಮೇಲೆ ನೀವು ಕಾಣುವ ಉದ್ದನೆಯ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂಬುದರ ಗುರುತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಎಂಬ ಪಟ್ಟಿಯಲ್ಲಿರುವ ಔಷಧಿಗಳನ್ನು ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ, ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ.

ಅಮ್ಮನ ವರದಿ ಮೂರನೆಯ ದಿನ ಬಂತು. ಇ. ಕೋಲೈ, ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು. ಸಿಪ್ರೊಫ್ಲಾಕ್ಸಸಿನ್‌ಗೆ ‘ಆರ್’, ಅಂದರೆ ಬಗ್ಗದು, ಸೆಫಿಕ್ಸಿಮ್‌ಗೆ ‘ಆರ್’, ನೈಟ್ರೋಫ್ಯುರಾಂಟಾಯಿನ್‌ಗೂ ಮೆರೊಪೆನೆಮ್‌ಗೂ ‘ಎಸ್’. ಸೋಂಕು ಮೂತ್ರಕೋಶದಲ್ಲೇ ಇತ್ತು, ಜ್ವರವಿರಲಿಲ್ಲ, ಮೂತ್ರಪಿಂಡಗಳು ಚೆನ್ನಾಗಿದ್ದವು. ವೈದ್ಯರು ನೈಟ್ರೋಫ್ಯುರಾಂಟಾಯಿನ್ ಅನ್ನು ಊಟದ ಜೊತೆ ಐದು ದಿನ ತೆಗೆದುಕೊಳ್ಳಲು ಬರೆದುಕೊಟ್ಟರು. 1950ರ ದಶಕದಿಂದ ಇರುವ ಹಳೆಯ, ಅಗ್ಗದ ಮಾತ್ರೆ ಅದು. ನಾನು ತಟ್ಟೆಯ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಮೆರೊಪೆನೆಮ್‌ನ ದೊಡ್ಡ ವೃತ್ತವನ್ನೂ ನೈಟ್ರೋಫ್ಯುರಾಂಟಾಯಿನ್‌ನ ಚಿಕ್ಕ ವೃತ್ತವನ್ನೂ ಸುತ್ತಿ ನೋಡಿದರು.

‘ಈ ದೊಡ್ಡದು ಬಿಟ್ಟು ಚಿಕ್ಕದನ್ನ ಯಾಕೆ ಕೊಟ್ಟರು?’

‘ದೊಡ್ಡದು ರಕ್ತಕ್ಕೆ ಹೋಗಿ ಮೈಯೆಲ್ಲ ಸುತ್ತುತ್ತಮ್ಮ, ಅದು ಪ್ರಾಣಕ್ಕೆ ಬಂದೋರಿಗೆ ಬೇಕು. ಈ ಚಿಕ್ಕದು ರಕ್ತದಲ್ಲಿ ನಿಲ್ಲೋದೇ ಇಲ್ಲ, ಸೀದಾ ಮೂತ್ರಕ್ಕೆ ಹೋಗಿ ಸೇರುತ್ತೆ. ನಿಂಗೆ ಉರೀತಿರೋದು ಅಲ್ಲಿ ತಾನೆ?’

ಅಮ್ಮ ಸ್ವಲ್ಪ ಹೊತ್ತು ಫೋಟೊ ನೋಡುತ್ತಿದ್ದು, ಎದ್ದು ಹೋಗಿ ಔಷಧಿಯ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ಬೇರೆ ಬೇರೆ ಕಾಲದ ಏಳು ಅರ್ಧಂಬರ್ಧ ಸ್ಟ್ರಿಪ್ಪುಗಳಿದ್ದವು. ಆ ಸಂಜೆ ಇಬ್ಬರೂ ಕುಳಿತು ಒಂದೊಂದನ್ನೇ ಓದಿ ಬೇರ್ಪಡಿಸಿದೆವು.